ಹವಲ್ಲಿಯ ಮೂರನೇ ಮಹಡಿಯಲ್ಲೊಂದು ಇಂಗ್ಲಿಷ್ ಬೆಟ್ಟ

ಇಂಗ್ಲೆಂಡಿನ ಗುಡ್ಡಗಾಡು ರಸ್ತೆಗಳಲ್ಲಿ ಸೈಕಲ್ ತುಳಿಯುವ ಬಗ್ಗೆ ಯಾರಿಗಾದರೂ ಸಲಹೆ ಬೇಕಿದ್ದರೆ ಹೋದ ತಿಂಗಳವರೆಗೂ ನನ್ನನ್ನೇ ಕೇಳಬಹುದಿತ್ತು. ಯಾವ ತಿರುವಿನಲ್ಲಿ ಕಲ್ಲಿನ ಗೋಡೆ ಶುರುವಾಗುತ್ತದೆ, ಯಾವ ಸೇತುವೆ ದಾಟಿದರೆ ಏರು ಬರುತ್ತದೆ, ಯಾವ ಗೇಟಿನ ಹತ್ತಿರ ಕುರಿಗಳು ನಿಂತು ದುರುಗುಟ್ಟುತ್ತವೆ, ಎಲ್ಲವೂ ನನಗೆ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆ. ನಾನು ಇಂಗ್ಲೆಂಡಿಗೆ ಹೋಗಿಲ್ಲ!

ನಾನಿರುವುದು ಕುವೈತಿನ ಹವಲ್ಲಿಯಲ್ಲಿ, ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಇಲ್ಲಿ ಬೆಟ್ಟವೆಂದರೆ ಫ್ಲೈಓವರ್. ಬೇಸಿಗೆಯಲ್ಲಿ ಹೊರಗೆ ಸೈಕಲ್ ತುಳಿದರೆ ಮನುಷ್ಯ ಹಪ್ಪಳವಾಗುತ್ತಾನೆ. ಆದ್ದರಿಂದ ಡಾಕ್ಟರು ಹೊಟ್ಟೆ ಇಳಿಸಿ ಎಂದಾಗ, ಕೆಲಸ ಬಿಟ್ಟು ಊರಿಗೆ ಹೊರಟಿದ್ದವರೊಬ್ಬರಿಂದ ಮನೆಯೊಳಗೇ ತುಳಿಯುವ ಸೈಕಲ್ ಕೊಂಡುಕೊಂಡೆ. ಅದನ್ನು ಟೀವಿಗೆ ಜೋಡಿಸಿದರೆ ಪರದೆಯ ಮೇಲೆ ಇಂಗ್ಲೆಂಡಿನ ಹಳ್ಳಿ ರಸ್ತೆ ಮೂಡುತ್ತದೆ. ತುಳಿದಷ್ಟು ರಸ್ತೆ ಮುಂದೆ ಸಾಗುತ್ತದೆ, ನಿಲ್ಲಿಸಿದರೆ ಇಂಗ್ಲೆಂಡೇ ನಿಲ್ಲುತ್ತದೆ. ಏರು ಬಂದಾಗ ಪೆಡಲ್ ತಾನಾಗಿಯೇ ಬಿಗಿಯಾಗುತ್ತದೆ. ಎಷ್ಟು ಬಿಗಿಯಾಗಬೇಕು ಎಂಬುದು ತುಳಿಯುವವನ ತೂಕವನ್ನು ಅವಲಂಬಿಸಿರುತ್ತದೆ.

ಮೊದಲ ದಿನ ಯಂತ್ರ ನನ್ನ ತೂಕ ಕೇಳಿತು. ಪರಿಚಯವಿಲ್ಲದ ಯಂತ್ರಕ್ಕೆ ಮನೆಯ ಗುಟ್ಟು ಯಾಕೆ ಹೇಳಬೇಕು? ನನ್ನ ಮದುವೆಯ ದಿನ ಇದ್ದ ತೂಕವನ್ನು ಕೊಟ್ಟೆ, ಐವತ್ತೆಂಟು ಕೆಜಿ. ಯಂತ್ರ ನಂಬಿತು. ಅಂದಿನಿಂದ ಇಂಗ್ಲೆಂಡಿನ ಬೆಟ್ಟಗಳೆಲ್ಲ ನನ್ನ ಕಾಲಡಿ ಬೆಣ್ಣೆಯಂತೆ ಕರಗತೊಡಗಿದವು!

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೊಬ್ಬ ಷಡ್ಡಕನಿದ್ದಾನೆ. ನನ್ನ ಹೆಂಡತಿ ಸುಮಾಳ ತಂಗಿಯ ಗಂಡ, ಹೆಸರು ರಘು. ಇಂಗ್ಲೆಂಡಿನಲ್ಲೇ ಇದ್ದು, ಅಲ್ಲಿನ ನಿಜವಾದ ಬೆಟ್ಟಗಳನ್ನು ನಿಜವಾದ ಸೈಕಲ್ಲಿನಲ್ಲಿ ಹತ್ತುವ ಪ್ರಾಣಿ. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಬಂದಿದ್ದಾಗ, ನಾನು ಕಟ್ಟಡದ ಪಕ್ಕದ ಬಕಾಲಾಕ್ಕೆ, ಅಂದರೆ ದಿನಸಿ ಅಂಗಡಿಗೆ, ಕಾರಿನಲ್ಲಿ ಹೋಗಿ, ಹಾರ್ನ್ ಹೊಡೆದು, ಕೂತಲ್ಲಿಗೇ ಕೊತ್ತಂಬರಿ ಕಟ್ಟು ತರಿಸಿಕೊಂಡಿದ್ದನ್ನು ನೋಡಿಬಿಟ್ಟ. ಇಲ್ಲಿ ಅಂಗಡಿಯ ಮುಂದೆ ಹಾರ್ನ್ ಹೊಡೆಯುವುದು ಸರ್ವೇಸಾಮಾನ್ಯ. ಅದನ್ನು ಅವನಿಗೆ ಯಾರು ವಿವರಿಸಬೇಕು? ಅಂದಿನಿಂದ ಮಾವನ ಮನೆಯ ಕಡೆಯವರಿಗೆಲ್ಲ ನಾನು ‘ಹಾರ್ನ್ ಭಾವ’ ಆದೆ. ನಾಮಕರಣ, ಗೃಹಪ್ರವೇಶ, ಎಲ್ಲಿ ಹೋದರೂ ಇದೇ ಮಾತು.

ಆ ಹೆಸರನ್ನು ಅಳಿಸಲೇಬೇಕೆಂದು ನಾನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಬೆಟ್ಟವನ್ನು, ಹತ್ತಿದ ಸಮಯದ ಸಮೇತ, ಹಾಕಲು ಶುರುಮಾಡಿದೆ. ನಾದಿನಿ ಬೆರಗಾದಳು. ಅತ್ತೆ ಆಶೀರ್ವಾದ ಮಾಡಿದರು. ರಘು ಮಾತ್ರ ಒಂದು ವಾರ ಕಳೆದ ಮೇಲೆ ಫೋನ್ ಮಾಡಿದ.

“ಭಾವ, ಈ ಬೆಟ್ಟಾನ ನಾನು ಹತ್ತೋ ಟೈಮಿಗಿಂತ ಬೇಗ ಹತ್ತಿದೀರಲ್ಲ! ಶನಿವಾರ ಇಬ್ರೂ ಒಟ್ಟಿಗೆ ತುಳಿಯೋಣ. ನಮ್ಮನೇಲೂ ಅಂಥದ್ದೇ ಮೆಷಿನ್ ಇದೆ. ನೀವು ಗೆದ್ರೆ ಜುಲೈನಲ್ಲಿ ರಜೆಗೆ ಇಲ್ಲಿಗೆ ಬಂದಾಗ ನಮ್ಮ ಸೈಕಲ್ ಕ್ಲಬ್ಬಿನವರನ್ನೆಲ್ಲ ನೀವೇ ಮುಂದಾಳಾಗಿ ಬೆಟ್ಟ ಹತ್ತಿಸ್ತೀರಿ. ‘ಹಾರ್ನ್ ಭಾವ’ ಅಂತ ಇನ್ನು ಯಾರೂ ಅನ್ನಲ್ಲ, ನನ್ನ ಗ್ಯಾರಂಟಿ.”

“ಅದಕ್ಕೇನಂತೆ!” ಅಂದೆ.

“ಏನಂತೆ ಅಂತ ನಿಮ್ಮ ಮಂಡಿ ಹೇಳುತ್ತೆ,” ಅಂದಳು ಸುಮಾ.

ಶನಿವಾರ ಬೆಳಿಗ್ಗೆ ಹೊರಗೆ ಧೂಳಿನ ಬಿರುಗಾಳಿ. ಎದುರಿನ ಕಟ್ಟಡವೇ ಕಾಣದು. ನಮ್ಮ ಹಾಲ್‌ನಲ್ಲಿ ಮಾತ್ರ ಹಚ್ಚಹಸಿರು ಇಂಗ್ಲೆಂಡ್. ನೋಡಲು ಎದುರು ಮನೆಯ ಶೆಟ್ಟರು ಮತ್ತು ಅವರ ಹೆಂಡತಿ ಯಶೋದಕ್ಕ ಬಂದಿದ್ದರು. ಶೆಟ್ಟರು ಫಹಾಹೀಲ್‌ನ ಹೋಟೆಲೊಂದರಲ್ಲಿ ಮ್ಯಾನೇಜರು. ಯಶೋದಕ್ಕ ಒಂದು ಡಬ್ಬಿ ಗೋಳಿಬಜೆ ತಂದಿದ್ದರು. ಸುಮಾ ಕಾಫಿ ಕೊಟ್ಟಳು. ಎಲ್ಲರೂ ಸೋಫಾದಲ್ಲಿ ಪ್ರವಾಸಕ್ಕೆ ಹೊರಟವರ ಹಾಗೆ ಕುಳಿತರು.

ಫೋನನ್ನು ಎದುರಿಗಿಟ್ಟು ವೀಡಿಯೊ ಕಾಲ್ ಹಚ್ಚಿದೆ. ರಘು ಟೈಟಾದ ಬಟ್ಟೆ ತೊಟ್ಟು ಸಿದ್ಧನಾಗಿದ್ದ. “ಭಾವ, ಸ್ಪರ್ಧೆ ಅಂದ್ಮೇಲೆ ತೂಕ ನೋಡ್ಲೇಬೇಕು. ನಮ್ಮ ಕ್ಲಬ್ಬಿನ ರೂಲ್ಸು,” ಅಂದ.

ನಾನು ಹೊಟ್ಟೆಯನ್ನು ಒಳಗೆಳೆದುಕೊಂಡೆ. “ನಮ್ಮನೇಲಿ ತೂಕದ ಮೆಷಿನ್ ಇಲ್ವಲ್ಲ...”

“ಪಪ್ಪಾ, ಇಟ್ಸ್ ಇನ್ ದ ಬಾತ್‌ರೂಮ್!” ಎಂದು ಕೂಗಿ ನನ್ನ ಮಗಳು ಇಂಚರಾ ಓಡಿಹೋಗಿ ತಂದೇಬಿಟ್ಟಳು. ಹದಿಮೂರು ವರ್ಷದ ಸತ್ಯಸಂಧೆ! ಎರಡು ದೇಶಗಳ ಸಮಕ್ಷಮದಲ್ಲಿ ನಾನು ತೂಕದ ಮೆಷಿನ್ ಹತ್ತಿದೆ. ಎಂಬತ್ತೊಂಬತ್ತು.

“ಸ್ವಲ್ಪ ಗೋಳಿಬಜೆ ತಿಂದಿದ್ದೆ,” ಅಂದೆ.

“ಎಂತದು ಮಾರಾಯ್ರೇ, ಮೂವತ್ತು ಕೆಜಿ ಗೋಳಿಬಜೆಯಾ?” ಅಂದರು ಶೆಟ್ಟರು, ಟೀವಿಯಲ್ಲಿ ಕಾಣುತ್ತಿದ್ದ ಐವತ್ತೆಂಟನ್ನು ನೋಡಿ. ಇಂಚರಾ ಆಗಲೇ ರಿಮೋಟ್ ಹಿಡಿದು ನನ್ನ ತೂಕವನ್ನು ತಿದ್ದಿದ್ದಳು.

ಸ್ಪರ್ಧೆ ಶುರುವಾಯಿತು. ಪರದೆಯ ಮೇಲೆ ನಾನು ಹಸಿರು ಚುಕ್ಕೆ, ರಘು ಕೆಂಪು ಚುಕ್ಕೆ. ಸಮತಟ್ಟಿನಲ್ಲಿ ಹೇಗೋ ಸರಿಸಮವಾಗಿ ಹೋದೆ. ಆದರೆ ಸೋಫಾದವರಿಗೆ ಚುಕ್ಕೆಗಳ ಪರಿವೆಯೇ ಇರಲಿಲ್ಲ.

“ಓ, ಆ ಮನೆಯ ಹೂ ನೋಡು ಸುಮಾ! ಸ್ವಲ್ಪ ಮೆಲ್ಲ ಹೋಗಿ ಮೂರ್ತಿಯವರೇ, ಸರಿ ಕಾಣುದಿಲ್ಲ,” ಅಂದರು ಯಶೋದಕ್ಕ.

“ಯಶೋದಕ್ಕಾ, ಇದು ಸ್ಪರ್ಧೆ!”

“ಆಯ್ತು, ಹೋಗ್ಲಿ. ಬರುವಾಗ ತೋರಿಸಿ.”

ಸೇತುವೆ ದಾಟಿತು. ಏರು ಬಂತು. ನನ್ನ ಕಾಲ ಕೆಳಗೆ ಬೆಣ್ಣೆಯಾಗಿದ್ದ ಬೆಟ್ಟ ಇದೇನಾ? ಪೆಡಲ್ ಕಲ್ಲಾಯಿತು. ಒಂದು ಸುತ್ತು ತುಳಿಯಲು ನನ್ನ ಕುಲದೇವರನ್ನೆಲ್ಲ ಕರೆದೆ. ಬೆವರು ಕಣ್ಣಿಗಿಳಿಯಿತು. ಕಲ್ಲಿನ ಗೋಡೆಯ ಪಕ್ಕ ಇಂಗ್ಲೆಂಡ್ ಇಂಚಿಂಚೇ ತೆವಳಿ, ಕೊನೆಗೆ ಗಕ್ಕನೆ ನಿಂತಿತು. ಗೇಟಿನ ಆಚೆಯ ಕುರಿಯೊಂದು ನನ್ನನ್ನೇ ನೋಡುತ್ತಿತ್ತು.

“ಅಯ್ಯೋ, ನಿಂತೋಯ್ತು! ನೆಟ್ ಹೋಯ್ತಾ?” ಅಂದಳು ಸುಮಾ.

“ನೆಟ್ ಅಲ್ಲ, ನಾನು!” ಅಂದೆ.

“ತುಳೀರಿ ಮಾರಾಯ್ರೇ,” ಯಶೋದಕ್ಕನಿಗೆ ಚಡಪಡಿಕೆ. “ಬೆಟ್ಟದ ಆಚೆ ಎಂತ ಉಂಟು ನೋಡ್ಬೇಕು. ಎಷ್ಟು ಹೊತ್ತು ಇದೇ ಕುರಿ ನೋಡುದು?”

ಕೆಂಪು ಚುಕ್ಕೆ ಸರಸರನೆ ಮೇಲೆ ಹೋಗುತ್ತಿತ್ತು. ನನ್ನ ಕಣ್ಣ ಮುಂದೆ ಮುಂದಿನ ಇಪ್ಪತ್ತು ವರ್ಷದ ನಾಮಕರಣಗಳು, ಗೃಹಪ್ರವೇಶಗಳು ಸಾಲಾಗಿ ಬಂದು ನಿಂತವು. ಎಲ್ಲ ಕಡೆಯೂ ‘ಹಾರ್ನ್ ಭಾವ’! ನಿಜವಾಗಿ ಅಳು ಬಂತು. ಆಗಲೇ ನನ್ನ ತಲೆಗೊಂದು ಮಹಾ ಉಪಾಯ ಹೊಳೆದದ್ದು. ಫೋನನ್ನು ಮೆಲ್ಲಗೆ ಬಗ್ಗಿಸಿದೆ. ಈಗ ರಘುವಿಗೆ ಕಾಣುವುದು ಹ್ಯಾಂಡಲ್ ಮಾತ್ರ. ಶೆಟ್ಟರಿಗೆ ಕಣ್ಸನ್ನೆ ಮಾಡಿ ಕೆಳಗಿಳಿದೆ. ಅವರು ಲುಂಗಿ ಎತ್ತಿ ಕಟ್ಟಿ ಹತ್ತಿ ಕುಳಿತರು. ಎರಡು ತಿರುವು ಹೋಗುವಷ್ಟರಲ್ಲಿ “ಖಲಾಸ್!” ಎಂದು ಇಳಿದು ನೆಲದ ಮೇಲೆ ಮಲಗಿದರು.

“ಬಿಡಿ, ನಾನು ನೋಡ್ತೇನೆ,” ಎಂದು ಯಶೋದಕ್ಕ ಎದ್ದರು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಸೈಕಲ್ ಹತ್ತಿದರು.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇಂಗ್ಲೆಂಡ್ ಎದ್ದು ಓಡತೊಡಗಿತು! ಗೋಡೆಗಳು, ಗೇಟುಗಳು, ಕುರಿಗಳು ಎಲ್ಲ ಹಿಂದೆ ಸರಿದವು. ಯಶೋದಕ್ಕ “ಅಲ್ಲೊಂದು ಶಿಲುಬೆಯ ಇಗರ್ಜಿ ಉಂಟು, ನೋಡು ಸುಮಾ,” ಎಂದು ವಿವರಣೆ ಕೊಡುತ್ತಲೇ ತುಳಿಯುತ್ತಿದ್ದರು. ಅದು ಫೋನಿಗೆ ಕೇಳಿಸದಂತೆ ನಾನು ಪಕ್ಕದಲ್ಲಿ ಬಗ್ಗಿ ನಿಂತು ಜೋರಾಗಿ ಏದುಸಿರು ಬಿಡುತ್ತಿದ್ದೆ. ನಡುನಡುವೆ “ರಘೂ, ಬರ್ತಿದೀಯೇನಪ್ಪಾ? ಹುಷಾರು!” ಎಂದು ಹಿತವಚನ ಬೇರೆ ಹೇಳಿದೆ. ಬೆಟ್ಟದ ತುದಿಗೆ ಸ್ವಲ್ಪ ದೂರವಿರುವಾಗ ಹಸಿರು ಚುಕ್ಕೆ ಕೆಂಪು ಚುಕ್ಕೆಯನ್ನು ದಾಟಿತು. ಹಾಲ್‌ನಲ್ಲಿ ಶಿಳ್ಳೆ, ಚಪ್ಪಾಳೆ! ಇಂಚರಾ ಮಾತ್ರ “ಪಪ್ಪಾ, ದಿಸ್ ಈಸ್ ಸೋ ರಾಂಗ್,” ಎಂದು ತಲೆ ಚಚ್ಚಿಕೊಂಡಳು.

ಯಶೋದಕ್ಕ ತುದಿ ಮುಟ್ಟಿ ಇಳಿದದ್ದೇ ನಾನು ಸೀಟಿನ ಮೇಲೆ ಕುಳಿತು, ಫೋನನ್ನು ಮುಖಕ್ಕೆ ತಿರುಗಿಸಿ ವಿನಯದಿಂದ ನಕ್ಕೆ. “ಏನಪ್ಪಾ ರಘು, ಸುಸ್ತಾಯ್ತಾ?”

ರಘು ನೀರು ಕುಡಿದ. ಬೆವರು ಒರೆಸಿಕೊಂಡ. ತುಂಬ ಗೌರವದಿಂದ ಕೇಳಿದ:

“ಭಾವ, ನೀವು ಗೆದ್ರಿ, ಒಪ್ಕೊಂಡೆ. ಆದ್ರೆ ಅರ್ಧ ಬೆಟ್ಟದಲ್ಲಿ ಕೈಗೆ ಒಂದು ಡಜನ್ ಹಸಿರು ಬಳೆ ಯಾವಾಗ ಹಾಕ್ಕೊಂಡ್ರಿ?”

ಅವನ ಹಿಂದಿನಿಂದ ನಾದಿನಿಯ ನಗು ಕೇಳಿಸಿತು. ಅವಳ ಜೊತೆ ಇನ್ನೂ ಹತ್ತಾರು ನಗು. ಅವನು ಸ್ಪರ್ಧೆಯನ್ನು ತೋರಿಸಲು ಅತ್ತೆ, ಮಾವ, ಅವರ ಪಕ್ಕದ ಮನೆಯವರು, ಎಲ್ಲರನ್ನೂ ನನಗೆ ತಿಳಿಯದಂತೆ ಅದೇ ವೀಡಿಯೊ ಕಾಲ್‌ಗೆ ಸೇರಿಸಿಕೊಂಡಿದ್ದ!

ಸಂಜೆಯ ಹೊತ್ತಿಗೆ ಬಳೆಯ ವೀಡಿಯೊ ಗುಂಪಿನ ತುಂಬ ಓಡಾಡಿತು. ಯಶೋದಕ್ಕನನ್ನು ರಘುವಿನ ಕ್ಲಬ್ಬಿನವರು ಜುಲೈಗೆ ಮನಃಪೂರ್ವಕ ಆಹ್ವಾನಿಸಿದ್ದಾರೆ. ಅವರು ನಮ್ಮ ಜೊತೆಗೇ ಟಿಕೆಟ್ ಮಾಡಿಸಿ, ಬೆಳಿಗ್ಗೆ ಬೆಳಿಗ್ಗೆ ನಮ್ಮ ಹಾಲ್‌ಗೆ ಬಂದು ಅಭ್ಯಾಸ ನಡೆಸಿದ್ದಾರೆ. ನನಗೆ ರಘು ಬೇರೆಯಾಗಿ ಒಂದು ಸಂದೇಶ ಕಳಿಸಿದ: “ಬೇಜಾರಾಗ್ಬೇಡಿ ಭಾವ. ಅವರ ಹಿಂದೆ ಬೆಟ್ಟದ ಮೇಲೆ ಬರೋಕೆ ನಿಮಗೆ ಕಾರು ಇಟ್ಟಿದೀನಿ. ಎಸಿ ಚೆನ್ನಾಗಿದೆ.”

ಎಂಥ ಅವಮಾನ! ನನ್ನ ಮೈಯೆಲ್ಲ ಉರಿದುಹೋಯಿತು. ಅವನಿಗೆ ಮುಖಕ್ಕೆ ಹೊಡೆದಂಥ ಉತ್ತರ ಕೊಡಲೇಬೇಕೆಂದು ಕುಳಿತೆ. ಒಂದು ಪುಟ ಬರೆದು ಅಳಿಸಿದೆ. ಇನ್ನೊಂದು ಪುಟ ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಒಂದೇ ಸಾಲು:

“ಸೀಟು ಹಿಂದಕ್ಕೆ ಪೂರ್ತಿ ಬಾಗುತ್ತಾ?”