ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ನಿಂತಿರುವ ಹೆಬ್ಬೆರಳಿಗೆ

ಮಾನ್ಯರೇ,

ತಾವು ಎಲ್ಲೇ ಇದ್ದರೂ ಗಾಯ, ಬೊಬ್ಬೆ, ಉಗುರುಸುತ್ತುಗಳ ಕಾಟವಿಲ್ಲದೆ ಕ್ಷೇಮವಾಗಿರುವಿರೆಂದೂ, ಪಕ್ಕದ ನಾಲ್ವರು ಸಹೋದರರೂ ಸೌಖ್ಯವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರಾಗಾರದ ಡಿಜಿಟಲೀಕರಣ ವಿಭಾಗದಲ್ಲಿ ತಮ್ಮ ವಿಳಾಸ ವಿಚಾರಿಸಿದಾಗ, ಸ್ಕ್ಯಾನಿಂಗ್ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆಂದೂ, ಗುತ್ತಿಗೆ ಮುಗಿದ ಸಂಜೆಯೇ ಎಲ್ಲ ಬೆರಳುಗಳೂ ತಂತಮ್ಮ ಕೈಗಳ ಜೊತೆ ಹೊರಟುಹೋದವೆಂದೂ, ಈಗ ಯಾವ ಬೆರಳು ಎಲ್ಲಿ ಕೆಲಸಕ್ಕಿದೆ ಎನ್ನುವುದು ಇಲಾಖೆಯ ಗಮನದಲ್ಲಿಲ್ಲವೆಂದೂ ಅಲ್ಲಿನ ಅಧಿಕಾರಿಗಳು ತಿಳಿಸಿದರು. ಹಾಗಾಗಿ ಈ ಪತ್ರವನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕಾಗಿ ಬಂದಿದೆ. ಓದುಗರಲ್ಲಿ ಯಾರದಾದರೂ ಕೈಯಲ್ಲಿ ತಾವಿದ್ದರೆ, ದಯವಿಟ್ಟು ಈ ಪುಟವನ್ನಾದರೂ ಅಕ್ಷರಗಳ ಮೇಲೆ ಕೂರದೆ ಹಿಡಿದುಕೊಳ್ಳಬೇಕಾಗಿ ವಿನಂತಿ.

ನಮ್ಮಿಬ್ಬರ ಪರಿಚಯ ಆದದ್ದು ಹೀಗೆ. ಪತ್ರಾಗಾರದವರು ಆಧುನಿಕ ರಾಜಕೀಯ ಮತ್ತು ಸಾಮಾಜಿಕ ಇತಿಹಾಸಕ್ಕೆ ಸಂಬಂಧಿಸಿದ ಹಳೆಯ ಕಡತ, ಪತ್ರಿಕೆ, ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇಟ್ಟಿರುವುದು ತಮಗೆ ಗೊತ್ತೇ ಇದೆ. ಇಡುವಾಗ ತಾವೂ ಇದ್ದಿರಿ. ಅವುಗಳ ನಡುವೆ ಪ್ರಚಾರ ಇಲಾಖೆಯ ಒಂದು ಆಲ್ಬಮ್ ಇದೆ. ಅದರಲ್ಲಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಮಹಿಳಾ ಆಪರೇಟರುಗಳು ಮುಷ್ಕರ ಹೂಡಿದ ದಿನದ ಚಿತ್ರವಿದೆ. ಹೆಂಗಸರು ಕಟ್ಟಡದ ಮೆಟ್ಟಿಲ ಮೇಲೆ ತೋಳಿಗೆ ತೋಳು ಸೇರಿಸಿ ಸಾಲಾಗಿ ನಿಂತಿದ್ದಾರೆ. ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು, ನೀರು ಕುಡಿಯಲು ಎದ್ದು ಹೋಗುವಾಗ ಮೇಲ್ವಿಚಾರಕರ ಚೀಟಿ ಕೇಳಬಾರದು ಎನ್ನುವುದು ಅವರ ಬೇಡಿಕೆಯಾಗಿತ್ತು. ಸಾಲಿನ ನಡುವೆ, ಎಲ್ಲರಿಗಿಂತ ದೊಡ್ಡದಾಗಿ, ಯಾವ ಬೇಡಿಕೆಯೂ ಇಲ್ಲದೆ ತಾವು ನಿಂತಿದ್ದೀರಿ. ಹಾಳೆ ಸುರುಳಿಯಾಗದಂತೆ ಒತ್ತಿ ಹಿಡಿಯುವುದು ತಮ್ಮ ಕರ್ತವ್ಯವಾಗಿತ್ತೆಂದು ಬಲ್ಲೆ. ಅಷ್ಟು ದೊಡ್ಡ ಹಾಳೆಯಲ್ಲಿ, ಸುತ್ತಲೂ ಅಷ್ಟು ಅಗಲದ ಖಾಲಿ ಅಂಚು ಇರುವಾಗ, ಅಂಗೈಯಗಲದ ಚಿತ್ರವನ್ನೇ ಹುಡುಕಿ, ಅದರೊಳಗೆ ಸರಿಯಾಗಿ ಒಬ್ಬರ ತಲೆಯಿಂದ ಪಾದದವರೆಗೆ ಆವರಿಸಿಕೊಂಡ ತಮ್ಮ ಕೈಚಳಕವನ್ನು ಹೊಗಳಲು ನನ್ನ ಬಳಿ ಮಾತಿಲ್ಲ.

ಆ ಒಬ್ಬರು ನನ್ನ ದೊಡ್ಡಮ್ಮ. ಹಾಗೆಂದು ಅವರಾದರೂ ಹೇಳುತ್ತಾರೆ.

ತಮಗೆ ಹಿನ್ನೆಲೆ ತಿಳಿಸುವುದು ನನ್ನ ಧರ್ಮ. ದೊಡ್ಡಮ್ಮ ಆ ಎಕ್ಸ್‌ಚೇಂಜಿನಲ್ಲಿ, ದೂರದ ಊರುಗಳ ಕರೆಗಳನ್ನು ಕೈಯಿಂದಲೇ ಜೋಡಿಸುವ ಟ್ರಂಕ್ ಕಾಲ್ ಬೋರ್ಡಿನ ಮುಂದೆ ಕೂರುತ್ತಿದ್ದರು. ಇಬ್ಬರು ಮಾತಾಡುತ್ತಿರುವಾಗ ನಡುವೆ ಲೈನು ಕೀಳುವುದು ಆ ಕೆಲಸದಲ್ಲಿ ಅತಿ ಹೀನವಾದ ತಪ್ಪು; ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದುದೇ ಇದನ್ನು. ಮುಷ್ಕರದ ದಿನ ಗೊತ್ತಾದ ಗಳಿಗೆಗೆ ಎಲ್ಲರೂ ಹೆಡ್‌ಫೋನ್ ಕಳಚಿ, ವೈರುಗಳನ್ನು ಕಿತ್ತು, ಎದ್ದು ಹೊರಗೆ ನಡೆದರು. ದೊಡ್ಡಮ್ಮ ಏಳಲಿಲ್ಲ. ಅವರ ಲೈನಿನಲ್ಲಿ ಯಾರೋ ಒಬ್ಬ ಗಂಡಸು, ತನಗೆ ಮಗಳು ಹುಟ್ಟಿದ ಸುದ್ದಿಯನ್ನು ಕಿವಿ ಮಂದವಾದ ತಾಯಿಗೆ ತಿಳಿಸುತ್ತಿದ್ದನಂತೆ. ಆಕೆ ಯಾರಿಗೆ, ಯಾರಿಗೆ ಎಂದು ಕೇಳುತ್ತಲೇ ಇದ್ದರಂತೆ. ಮಾತು ಮುಗಿದ ಮೇಲೆ ದೊಡ್ಡಮ್ಮ ಓಡಿಹೋಗಿ ಸಾಲಿನಲ್ಲಿ ಎರಡು ತೋಳುಗಳ ನಡುವೆ ನುಗ್ಗಿಕೊಂಡರು, ಇಲಾಖೆಯ ಛಾಯಾಗ್ರಾಹಕ ಚಿತ್ರ ತೆಗೆದ, ಮರುಕ್ಷಣವೇ ಪೊಲೀಸರು ಬಂದು ಎಲ್ಲರನ್ನೂ ಚದುರಿಸಿದರು. ಇದು ಅವರ ಹೇಳಿಕೆ.

ಇದಕ್ಕೆ ಎದುರು ಹೇಳಿಕೆಯೊಂದಿದೆ. ದೊಡ್ಡಮ್ಮನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವರನ್ನು ಎಕ್ಸ್‌ಚೇಂಜಿನಲ್ಲಿ ಉದ್ದಜಡೆ ಎಂದು ಕರೆಯುತ್ತಿದ್ದರು. ಈಗ ಜಡೆ ಇಲ್ಲದಿದ್ದರೂ ಹೆಸರು ಹಾಗೇ ಇದೆ. ಅಂದು ಹೊರಗೆ ಹೋಗುವಾಗ ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ ಉದ್ದಜಡೆಗೆ, ಖಾಲಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ದೊಡ್ಡಮ್ಮ ಕಾಣಿಸಿದರು. ಆಮೇಲೆ ಸಾಲಿನಲ್ಲಿ ನಿಂತಾಗ ಉದ್ದಜಡೆ ಕ್ಯಾಮೆರಾ ಕಡೆಯಿಂದ ಕತ್ತು ತಿರುಗಿಸಲಿಲ್ಲ, ಪಕ್ಕಕ್ಕೆ ಯಾರು ಬಂದು ತೋಳು ಸೇರಿಸಿದರೆಂದು ನೋಡಲಿಲ್ಲ. ಚಿತ್ರ ಚೆನ್ನಾಗಿ ಬರಬೇಕೆಂಬ ಆಸೆ ಯಾರಿಗಿರುವುದಿಲ್ಲ. ದೊಡ್ಡಮ್ಮ ಕೆಲಸ ಮಾಡುತ್ತ ಕೂತಿದ್ದು, ಗಲಾಟೆ ಆದ ಮೇಲೆ ಹಿಂಬಾಗಿಲಿನಿಂದ ಮನೆಗೆ ಹೋದರು ಎನ್ನುವ ಸುದ್ದಿ ಮರುದಿನದ ಹೊತ್ತಿಗೆ ಎಲ್ಲ ಬೋರ್ಡುಗಳಿಗೂ ತಲುಪಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸುದ್ದಿ ತಲುಪಲು ತಡವಾಗುವುದಿಲ್ಲ. ಅಂದಿನಿಂದ ದೊಡ್ಡಮ್ಮನ ಹೆಸರು ಹಿಂಬಾಗಿಲು. ಬೆನ್ನಿರುವ ಕುರ್ಚಿಗಳು ಬಂದವು, ಚೀಟಿ ಹೋಯಿತು, ಎಕ್ಸ್‌ಚೇಂಜೇ ಮುಚ್ಚಿತು. ಹಿಂಬಾಗಿಲು ಮಾತ್ರ ಉಳಿಯಿತು. ನಿವೃತ್ತ ಆಪರೇಟರುಗಳು ವರ್ಷಕ್ಕೊಮ್ಮೆ ಸೇರುವಲ್ಲಿ ಅವರಿಗೆ ಬಾಗಿಲ ಪಕ್ಕದ ಕುರ್ಚಿಯನ್ನೇ ನಗುತ್ತ ತೋರಿಸುತ್ತಿದ್ದರಂತೆ. ಕೆಲವು ವರ್ಷಗಳಿಂದ ದೊಡ್ಡಮ್ಮ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮಂಡಿ ನೋವು ಎನ್ನುತ್ತಾರೆ.

ಆ ಚಿತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಇಲಾಖೆಯ ಆಲ್ಬಮ್ಮಿನಲ್ಲಿ ಅಂಟಿಕೊಂಡು, ಯಾರೂ ತೆರೆಯದ ಕೋಣೆಯಲ್ಲಿ ಕೂತಿತ್ತು. ಅದು ಜಾಲತಾಣದಲ್ಲಿದೆ ಎಂದು ತಿಳಿದ ದಿನ ದೊಡ್ಡಮ್ಮನ ಮಂಡಿ ಥಟ್ಟನೆ ವಾಸಿಯಾಯಿತು. ಮುಂದಿನ ತಿಂಗಳಿದ್ದ ವಾರ್ಷಿಕ ಕೂಟಕ್ಕೆ ಹೋಗುವುದೆಂದೂ, ಚಿತ್ರವನ್ನು ಟೀ ತಟ್ಟೆಗಳ ಪಕ್ಕದಲ್ಲಿ ಸುಮ್ಮನೆ ಇಟ್ಟು ಏನೂ ಮಾತಾಡದೆ ಕೂರುವುದೆಂದೂ ನಿರ್ಧರಿಸಿದರು. ನಾನು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದೆ. ಅವರು ಕನ್ನಡಕ ಒರೆಸಿ, ಸಾಲಿನ ಒಂದು ತುದಿಯಿಂದ ಒಬ್ಬೊಬ್ಬರ ಹೆಸರು ಹೇಳುತ್ತ ಬಂದು, ತಾವು ಇರುವಲ್ಲಿ ನಿಂತರು. ತುಂಬ ಹೊತ್ತು ತಮ್ಮನ್ನು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾರು ಮಗು, ನಮ್ಮ ಆಫೀಸಿನವರಲ್ಲವಲ್ಲ?”

ತಮ್ಮ ಗುರುತು ಹೇಳುವುದು ನನಗೆ ಸುಲಭವಾಗಲಿಲ್ಲ. ಏಕೆಂದರೆ ಜಾಲತಾಣದ ಪ್ರಕಾರವೂ ತಾವು ಬೆರಳಲ್ಲ. ಪುಟ ತಿರುವುವವರು ತೊಡುವ, ಮೈತುಂಬ ಸಣ್ಣ ಗುಳ್ಳೆಗಳಿರುವ ರಬ್ಬರ್ ಟೋಪಿಯನ್ನು ತಾವು ಅಂದು ಧರಿಸಿದ್ದಿರಿ. ಚಿತ್ರಗಳಲ್ಲಿ ಮುಖ ಗುರುತಿಸಲು ಪತ್ರಾಗಾರದವರು ಇಟ್ಟಿರುವ ಯಂತ್ರ ತಮ್ಮನ್ನು ಗೌರವದಿಂದ ನೋಡಿ, “ಮೆಟ್ಟಿಲ ಮೇಲೆ ಮಹಿಳಾ ನೌಕರರು, ನಡುವೆ ಹೆಲ್ಮೆಟ್ ಧರಿಸಿದ ಅಜ್ಞಾತ ವ್ಯಕ್ತಿ” ಎಂದು ವಿವರಣೆ ಬರೆದಿದೆ. ಇದನ್ನು ನಂಬಿದ ಸಂಶೋಧಕರೊಬ್ಬರು, ಮುಷ್ಕರನಿರತ ಮಹಿಳೆಯರ ಜೊತೆ ಪೊಲೀಸ್ ಪೇದೆಯೊಬ್ಬ ತೋಳು ಸೇರಿಸಿ ನಿಂತದ್ದು ಕಾನೂನು ಪಾಲಕರಲ್ಲೂ ಇದ್ದ ವರ್ಗಪ್ರಜ್ಞೆಗೆ ಅಪರೂಪದ ಸಾಕ್ಷಿ ಎಂದು ದೀರ್ಘವಾದ ಲೇಖನ ಬರೆದಿದ್ದಾರೆ. ಲೇಖನ ಚೆನ್ನಾಗಿದೆ. ತಮ್ಮ ಎತ್ತರ, ನಿಲುವು, ಮುಖದ ಮೇಲಿನ ದೃಢತೆಯ ಬಗ್ಗೆಯೇ ಒಂದು ಇಡೀ ಪ್ಯಾರಾ ಇದೆ.

ನಾನು ಸ್ವಭಾವತಃ ದೂರು ಕೊಡುವವನಲ್ಲ. ಅನುವಾದಗೊಂಡ ಕಾದಂಬರಿಗಳನ್ನೇ ಹೆಚ್ಚಾಗಿ ಓದುವ ನನಗೆ, ಮೂಲವನ್ನು ಎಂದೂ ಕಾಣದೆ ನಂಬಿಕೆಯ ಮೇಲೆ ಬದುಕುವ ಅಭ್ಯಾಸ ಇದೆ. ಆದರೂ ದೊಡ್ಡಮ್ಮನಿಗಾಗಿ ಪತ್ರಾಗಾರಕ್ಕೆ ಹೋದೆ. ಅಧಿಕಾರಿಗಳು ಕೂರಿಸಿ ಮಾತಾಡಿಸಿದರು. ಆಲ್ಬಮ್ ತೆಗೆದು ಇನ್ನೊಮ್ಮೆ ಸ್ಕ್ಯಾನ್ ಮಾಡಬಹುದೇ ಎಂದು ಕೇಳಿದ್ದಕ್ಕೆ, ಡಿಜಿಟಲೀಕರಣದ ಉದ್ದೇಶವೇ ದಾಖಲೆಗಳನ್ನು ಶಾಶ್ವತವಾಗಿ ಉಳಿಸುವುದಾದ್ದರಿಂದ, ಶಾಶ್ವತವಾಗಿ ಉಳಿದ ಮೇಲೆ ಆಲ್ಬಮ್ಮನ್ನು ರದ್ದಿಗೆ ಹಾಕಲಾಯಿತು ಎಂದರು. ಹಾಗಾದರೆ ಜಾಲತಾಣದ ಚಿತ್ರದಿಂದ ಬೆರಳನ್ನಾದರೂ ತೆಗೆಯಿರಿ ಎಂದೆ. ಅವರಿಗೆ ನಿಜವಾಗಿಯೂ ನೋವಾಯಿತು. ಐತಿಹಾಸಿಕ ದಾಖಲೆಯನ್ನು ತಿದ್ದುವುದು ಎಷ್ಟು ದೊಡ್ಡ ಅಪರಾಧ ಎಂದು ನಿಧಾನವಾಗಿ ವಿವರಿಸಿದರು. ಆಲ್ಬಮ್ ಹೋದ ಮೇಲೆ ಸ್ಕ್ಯಾನ್ ಪ್ರತಿಯೇ ಮೂಲ, ಮೂಲದಲ್ಲಿ ಹೆಬ್ಬೆರಳಿದೆ. ಬೇಕಿದ್ದರೆ, ಚಿತ್ರದ ಕೆಳಗೆ ‘ಈ ವ್ಯಕ್ತಿಯನ್ನು ಗುರುತಿಸಬಲ್ಲಿರಾ?’ ಎಂಬ ಜಾಗವಿದೆ, ಅಲ್ಲಿ ಸಾರ್ವಜನಿಕರು ಹೆಸರು ಸೂಚಿಸಬಹುದು ಎಂದು ಹೇಳಿ, ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಈ ಕಾರಣಗಳಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ ಇದಾಗಿತ್ತು: ತಾವು ದಯಮಾಡಿ ಆ ದಿನಕ್ಕೆ ಮರಳಿ ಹೋಗಿ, ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಸರಿಯಬೇಕು. ಅದು ಸಾಧ್ಯವಾಗದಿದ್ದರೆ, ಕೂಟದ ದಿನ ಖುದ್ದಾಗಿ ಹಾಜರಾಗಿ, ತಮ್ಮ ಅಡಿಯಲ್ಲಿ ಅಂದು ಯಾರಿದ್ದರು, ಗಿಡ್ಡಗಿದ್ದರೇ, ಏದುಸಿರು ಬಿಡುತ್ತಿದ್ದರೇ, ಕಿವಿಯ ಮೇಲೆ ಹೆಡ್‌ಫೋನಿನ ಗುರುತಿತ್ತೇ ಎನ್ನುವುದನ್ನು ಎಲ್ಲರೆದುರು ಸ್ಪಷ್ಟವಾಗಿ ಹೇಳಬೇಕು. ಇದುವರೆಗೆ ಆ ಹೆಂಗಸನ್ನು ಅಷ್ಟು ಹತ್ತಿರದಿಂದ ಮುಟ್ಟಿದವರು ತಾವೊಬ್ಬರೇ.

ಇಷ್ಟನ್ನು ಬರೆದಿಟ್ಟಿದ್ದಾಗ ಉದ್ದಜಡೆ ಮನೆಗೆ ಬಂದರು. ಚಿತ್ರದ ವಿಷಯ ಅವರಿಗೂ ತಲುಪಿತ್ತು. ಅವರಿಗೆ ಬೇಕಾಗಿದ್ದುದು ಅವರದೇ ಚಿತ್ರ. ದೊಡ್ಡಮ್ಮ ಮುದ್ರಿತ ಹಾಳೆಯನ್ನು ಅವರ ಮುಂದೆ ಸರಿಸಿ, ಟೀ ಮಾಡುವ ನೆಪದಲ್ಲಿ ಒಳಗೆ ಹೋದರು. ಚಿತ್ರದಲ್ಲಿ ಉದ್ದಜಡೆ ಇರುವುದು ತಮ್ಮ ಬಲಪಕ್ಕದಲ್ಲೇ. ಅವರ ಒಂದು ತೋಳು ತಮ್ಮ ಅಡಿಯಲ್ಲಿ ಹೋಗಿ ಮರೆಯಾಗುತ್ತದೆ. ಅವರು ಅದನ್ನೆಲ್ಲ ಗಮನಿಸಲಿಲ್ಲ. ಮುಖ ಚೆನ್ನಾಗಿ ಬಂದಿದೆಯೆಂದು ಒಪ್ಪಿಕೊಂಡು, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಸಿಡುಕಿದರು: “ಎಲ್ಲರೂ ನೆಟ್ಟಗೆ ನಿಂತಿದ್ದಾರೆ. ನಾನೊಬ್ಬಳು ಯಾಕೆ ಹೀಗೆ ಸೊಟ್ಟಗೆ ನಿಂತಿದ್ದೀನಿ?”

ನಿಜವೇ. ತಮ್ಮ ಕಡೆಯ ಅವರ ಭುಜ ತುಂಬ ಕೆಳಗಿತ್ತು, ತುಂಬಿದ ಬಿಂದಿಗೆ ಎತ್ತಿದವರ ಹಾಗೆ. ಉದ್ದಜಡೆ ಎತ್ತರದ ಹೆಂಗಸು. ತಮ್ಮ ಆಚೆ ಬದಿಯಲ್ಲಿದ್ದ ಆಪರೇಟರಿನ ಭುಜವೂ ಇತ್ತ ವಾಲಿತ್ತು, ಆದರೆ ಅವರು ತೀರಿಹೋಗಿ ಬಹಳ ಕಾಲವಾಯಿತು, ಕೇಳುವಂತಿಲ್ಲ. ಉದ್ದಜಡೆ ಹಾಳೆಯನ್ನು ಕೆಳಗಿಟ್ಟರು. ಆಮೇಲೆ ಟೀ ಲೋಟ ಹಿಡಿದು ಬಂದ ದೊಡ್ಡಮ್ಮನ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟು, ಅವರನ್ನು ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ, ತೋಳೊಳಗೆ ತೋಳು ಹಾಕಿದರು. ಭುಜ ಕೆಳಗಿಳಿಯಿತು. ಚಿತ್ರದಲ್ಲಿ ಇದ್ದಷ್ಟೇ.

“ಗಿಡ್ಡಿ,” ಎಂದರು ಉದ್ದಜಡೆ ಕನ್ನಡಿ ನೋಡುತ್ತ. “ನಮ್ಮ ಬೋರ್ಡಿನವರಲ್ಲಿ ತೋಳು ಸೇರಿಸೋಕೆ ನನ್ನನ್ನು ಇಷ್ಟು ಬಗ್ಗಿಸುವವಳು ನೀನೊಬ್ಬಳೇ. ಮತ್ತೆ ಅಷ್ಟು ಹೊತ್ತು ಒಳಗೇನು ಮಾಡ್ತಿದ್ದೆ?”

“ಲೈನಿನಲ್ಲಿ ಮಾತಾಡ್ತಾ ಇದ್ದರು,” ಎಂದರು ದೊಡ್ಡಮ್ಮ.

ಈ ಉತ್ತರವನ್ನು ಅವರು ಉದ್ದಜಡೆಗೆ ಹಿಂದೆಯೂ ಎಷ್ಟೋ ಸಲ ಕೊಟ್ಟಿದ್ದರು. ಈ ಸಲ ಉದ್ದಜಡೆ, ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೇಳಿದರು. ಹೆಣ್ಣು ಎಂದು ದೊಡ್ಡಮ್ಮ ಹೇಳಿದರು. ಇಬ್ಬರೂ ತೋಳು ಬಿಡಿಸಿಕೊಳ್ಳುವುದನ್ನು ಮರೆತಿದ್ದರಿಂದ ಟೀ ಆರಿತು.

ಆದ್ದರಿಂದ, ಮಾನ್ಯರೇ, ನನ್ನ ಕೋರಿಕೆಗಳಲ್ಲಿ ಅಲ್ಪ ಬದಲಾವಣೆ ಇದೆ. ತಾವು ಎಡಕ್ಕೆ ಸರಿಯುವ ಅಗತ್ಯ ಈಗ ಇಲ್ಲ. ಸಾಕ್ಷಿಗೂ ಬರಬೇಕಾಗಿಲ್ಲ, ಸಾಕ್ಷಿಯನ್ನು ಒಂದು ಭುಜ ನುಡಿದಿದೆ. ತಾವು ಬಚ್ಚಿಟ್ಟಿದ್ದರಿಂದಲೇ ಅದು ಕಂಡಿತು ಎಂದು ಯಾರಾದರೂ ತಮ್ಮನ್ನು ಹೊಗಳಿದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಮುಂದೆ ಯಾವುದೇ ದೇಶದ ಇತಿಹಾಸ ತಮ್ಮ ಅಡಿಯಲ್ಲಿ ಬಂದರೆ, ಅದಕ್ಕೂ ಒಂದು ಅಂಚು ಇರುತ್ತದೆಂದು ನೆನಪಿಟ್ಟುಕೊಂಡರೆ ಸಾಕು. ನನ್ನ ಪಾಲಿಗೆ ಉಳಿದಿದ್ದ ಕೆಲಸವನ್ನೂ ಮಾಡಿದ್ದೇನೆ: ಜಾಲತಾಣದ ಆ ಜಾಗದಲ್ಲಿ, ಅಜ್ಞಾತ ವ್ಯಕ್ತಿ ಎಂದಿದ್ದಲ್ಲಿ, ದೊಡ್ಡಮ್ಮನ ಪೂರ್ತಿ ಹೆಸರನ್ನು ತುಂಬಿ ಕಳಿಸಿದ್ದೇನೆ.

ತಮ್ಮ ಎಲ್ಲ ಗೆಣ್ಣುಗಳಿಗೂ ಒಳಿತನ್ನು ಹಾರೈಸುತ್ತ,

ತಮ್ಮ ವಿಶ್ವಾಸಿ,
ತಮ್ಮ ಅಡಿಯಲ್ಲಿರುವವರ ತಂಗಿಯ ಮಗ

ಮರೆತ ಮಾತು: ಪತ್ರವನ್ನು ಕಳಿಸುವಷ್ಟರಲ್ಲಿ ಕೂಟವೂ ಮುಗಿದಿದೆ, ಆದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಯಂತ್ರ ನನ್ನ ಸೂಚನೆಯನ್ನು ಸ್ವೀಕರಿಸಿತು. ಅಷ್ಟಕ್ಕೇ ನಿಲ್ಲದೆ, ಹೆಲ್ಮೆಟ್ಟಿನ ಆ ಮುಖವನ್ನು ಕಲಿತುಕೊಂಡು, ತಾವು ಎಲ್ಲೆಲ್ಲಿ ಕಾಣಿಸಿಕೊಂಡಿದ್ದಿರೋ ಅಲ್ಲೆಲ್ಲ ದೊಡ್ಡಮ್ಮನ ಹೆಸರನ್ನು ಬರೆದಿದೆ. ಅದರ ಪ್ರಕಾರ ಅವರು ಅಣೆಕಟ್ಟಿನ ಶಂಕುಸ್ಥಾಪನೆಯಲ್ಲಿದ್ದರು, ಒಂದನ್ನೊಂದು ಉರುಳಿಸಿದ ಎರಡು ಸಚಿವ ಸಂಪುಟಗಳ ಪ್ರಮಾಣವಚನದಲ್ಲೂ ಮುಂದಿನ ಸಾಲಿನಲ್ಲಿದ್ದರು, ಒಂದು ಶಾಂತಿ ಒಪ್ಪಂದದ ಅರ್ಧ ಭಾಗವನ್ನು ಮುಚ್ಚಿಕೊಂಡು ನಿಂತಿದ್ದರು. ಉದ್ದಜಡೆ ಇವನ್ನೆಲ್ಲ ಮುದ್ರಿಸಿ ತರಿಸಿ, ಕೂಟದಲ್ಲಿ ಒಂದೊಂದಾಗಿ ಎತ್ತಿ ತೋರಿಸಿ, “ಅಣೆಕಟ್ಟಿಗೆ ಸರಿಯಾದ ಹೊತ್ತಿಗೆ ಹೋಗಿದ್ದಾಳೆ, ಮಂತ್ರಿಗಳ ಹತ್ತಿರ ಹೋಗಿದ್ದಾಳೆ, ನಮ್ಮ ಮೆಟ್ಟಿಲಿಗೆ ಬರೋಕೆ ಮಾತ್ರ ಇವಳಿಗೆ ತಡ” ಎಂದರಂತೆ. ಎಲ್ಲರೂ ಬಹಳ ನಕ್ಕರಂತೆ, ದೊಡ್ಡಮ್ಮನೂ. ಅವರನ್ನು ಈಗ ಯಾರೂ ಹಿಂಬಾಗಿಲು ಎಂದು ಕರೆಯುವುದಿಲ್ಲ, ಹೆಬ್ಬೆರಳು ಎನ್ನುತ್ತಾರೆ. ತಮ್ಮ ಹೆಸರು ಹೀಗೆ ಕೈತಪ್ಪಿ ಹೋಗಿರುವುದಕ್ಕೆ ವಿಷಾದಿಸುತ್ತೇನೆ. ಬದಲಿ ಹೆಸರು ಬೇಕಿದ್ದರೆ, ಹಿಂಬಾಗಿಲು ಸದ್ಯಕ್ಕೆ ಖಾಲಿ ಇದೆ.