ಲಸಿಕೆಯೂ ಅಟ್ಟದ ರಗ್ಗೂ

ನನಗೆ ಉಬ್ಬಸ, ಹೆಂಡತಿಗೆ ಇಲ್ಲ. ಆದ್ದರಿಂದ ಉಸಿರಿನ ವಿಷಯದಲ್ಲಿ ಮನೆಯಲ್ಲಿ ನನ್ನದೇ ಕೊನೆಯ ಮಾತು (ಬೇರೆ ಯಾವ ವಿಷಯದಲ್ಲೂ ಅಲ್ಲ). ಫ್ಲೂ ಲಸಿಕೆಯೆಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕಳೆದ ಚಳಿಗಾಲ ಫ್ಲೂ ಬಂದು ಆಸ್ಪತ್ರೆಯಲ್ಲಿ ಆಮ್ಲಜನಕ ಎಳೆಯುತ್ತ ಮಲಗಿದ ಮೇಲೆ ನನ್ನ ನೆಪಗಳಿಗೆ ಬೆಲೆ ಉಳಿಯಲಿಲ್ಲ. ಈ ಸಲ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನು ಎಳೆದುಕೊಂಡೇ ಹೋದಳು. ಇಬ್ಬರಿಗೂ ಚುಚ್ಚಿದರು.

"ಅಡ್ಡಪರಿಣಾಮ?" ಎಂದು ನರ್ಸಮ್ಮನನ್ನು ಕೇಳಿದೆ.

"ತೋಳು ನೋಯಬಹುದು, ಸ್ವಲ್ಪ ಜ್ವರ, ಚಳಿ ಬರಬಹುದು. ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ತಕ್ಷಣ ಫೋನ್ ಮಾಡಿ."

ಚಳಿ ಎಂದ ಮೇಲೆ ಸಿದ್ಧತೆ ಬೇಡವೇ? ಮನೆಗೆ ಬಂದವನೇ ಅಟ್ಟ ಹತ್ತಿ, ಮಾವನವರು ಮದುವೆಯಲ್ಲಿ ಕೊಟ್ಟಿದ್ದ ಉಣ್ಣೆಯ ರಗ್ಗನ್ನು ಇಳಿಸಿದೆ. ಮದುವೆಯಾದ ಮೇಲೆ ಅದು ಬೆಳಕು ಕಂಡದ್ದು ಅಂದೇ. ತಲೆಯವರೆಗೂ ಹೊದ್ದು, ಪಟ್ಟಾಭಿಷೇಕಕ್ಕೆ ಕಾಯುವ ಯುವರಾಜನಂತೆ ಚಳಿಗೆ ಕಾದೆ. ಚಳಿ ಬರಲಿಲ್ಲ, ಸೀನು ಬಂತು. ಆಮೇಲೆ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್.

"ನೋಡಿದ್ಯಾ? ಬೇಡ ಬೇಡ ಅಂದೆ, ಕೇಳಿದ್ಯಾ?" ಎಂದು ರಗ್ಗಿನೊಳಗಿಂದ ಹೇಳಿದೆ.

ಅವಳ ಮುಖ ಬಿಳಿಚಿತು. ಇನ್ಹೇಲರನ್ನು ನನ್ನ ಕೈಗಿಟ್ಟು ನರ್ಸಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಸೀನೂ ಇದೆಯಾ? ಮನೇಲಿ ಧೂಳು ಗೀಳು ಇದೆಯಾ?"

"ಧೂಳಾ? ನಮ್ಮನೇಲಾ?" ಹೆಂಡತಿಗೆ ಸಿಟ್ಟೇ ಬಂತು. ಅಷ್ಟರಲ್ಲಿ ಅವಳ ಕಣ್ಣು ರಗ್ಗಿನ ಮೇಲೆ ಬಿತ್ತು. ಅದನ್ನು ಎರಡು ಬೆರಳಿನಲ್ಲಿ ತಟ್ಟಿದಳು. ಎದ್ದ ಧೂಳಿಗೆ, ಆರೋಗ್ಯವಂತಳಾದ ಅವಳೇ ಸೀನಿದಳು.

ನರ್ಸಮ್ಮನಿಗೆ ಅದು ಕೇಳಿಸಿತು. "ಇನ್ಹೇಲರ್ ಎಳ್ಕೊಂಡು ಹೊರಗೆ ಗಾಳಿಗೆ ಕೂರ್ಲಿ. ಕಡಿಮೆ ಆಗದಿದ್ರೆ ಕರ್ಕೊಂಡು ಬನ್ನಿ. ನಾವು ಕೊಟ್ಟಿರೋದು ಫ್ಲೂಗೆ. ರಗ್ಗಿಗೆ ಇನ್ನೂ ಲಸಿಕೆ ಬಂದಿಲ್ಲ."

ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಉಸಿರು ನಿಧಾನವಾಗಿ ಹದಕ್ಕೆ ಬಂತು, ಜೊತೆಗೆ ನಾಚಿಕೆಯೂ. "ನಿಮ್ಮಪ್ಪ ಕೊಟ್ಟ ರಗ್ಗು ತಾನೇ," ಎಂದು ಒಳಗೆ ಕೇಳುವಂತೆ ಗೊಣಗಿದೆ. ಅವಳು ತಿರುಗಿ ಮಾತಾಡಲಿಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಒಳಗೆ ಹೋಗಿ ನೋಡಿದರೆ, ಗಿರಾಕಿ ಹೊಲಿಯಲು ಕೊಟ್ಟ ಕಿಟಕಿ ಪರದೆಯನ್ನೇ ಹೊದ್ದು ಗಡಗಡ ನಡುಗುತ್ತ ಕೂತಿದ್ದಳು. ಹಣೆ ಸುಡುತ್ತಿತ್ತು.

"ಯಾವಾಗಿಂದ?"

"ನೀವು ಸಾಯೋಕೆ ಶುರು ಮಾಡಿದಾಗ್ಲಿಂದ. ಇಬ್ಬರೂ ಮಲಗಿದ್ರೆ ಫೋನ್ ಯಾರು ಮಾಡೋದು?"

ನರ್ಸಮ್ಮ ಹೇಳಿದ ಅಡ್ಡಪರಿಣಾಮಗಳೆಲ್ಲ ಚಾಚೂ ತಪ್ಪದೆ ಅವಳಿಗೇ ಬಂದಿದ್ದವು. ನನಗೆ ಬಂದದ್ದು ಬರೀ ರಗ್ಗಿನ ಪರಿಣಾಮ. ನೀರು ಕಾಯಲಿಟ್ಟು ಬಂದು ಕೇಳಿದೆ:

"ಹೊದಿಯೋಕೆ ಏನು ಕೊಡ್ಲಿ?"

"ಮೊದ್ಲು ನಿಮ್ಮ ಬಾಯಿಗೆ ಏನಾದ್ರೂ ಹೊದಿಸ್ಕೊಳ್ಳಿ."

ಕರವಸ್ತ್ರ ಕಟ್ಟಿಕೊಂಡೆ.