ಪ್ರಸನ್ನಪುರಿಯ ಮಂದಹಾಸ ಯೋಜನೆ

ಬಹಳ ಬಹಳ ಹಿಂದೆ ಪ್ರಸನ್ನಪುರಿ ಅಂತ ಒಂದು ರಾಜ್ಯವಿತ್ತು. ಓದುಗರು ಸುಮ್ಮನೆ ಅಕ್ಕಪಕ್ಕ ನೋಡಬಾರದು, ಅದು ಭೂಪಟದಲ್ಲಿಲ್ಲ. ಅಲ್ಲಿನ ಶ್ರೀಮನ್ಮಹಾರಾಜ ಮಂದಹಾಸವರ್ಮರು ಒಮ್ಮೆ ಪಲ್ಲಕ್ಕಿಯಲ್ಲಿ ನಗರ ಪ್ರದಕ್ಷಿಣೆ ಹೊರಟಾಗ ಒಬ್ಬರೂ ನಗಲಿಲ್ಲ. ರಸ್ತೆಯ ಗುಂಡಿಗಳಲ್ಲಿ ಎದ್ದುಬಿದ್ದು ನಡೆಯುವವರಿಗೆ ಪುರುಸೊತ್ತಿರಲಿಲ್ಲ ಬಿಡಿ. ಪ್ರಭುಗಳಿಗೆ ಮಾತ್ರ ವಿಪರೀತ ಬೇಜಾರಾಯಿತು.

"ಪ್ರಜೆಗಳ ಮೂಡು ಯಾಕ್ರೀ ಹೀಗೆ ಕೆಟ್ಟಿದೆ?" ಎಂದು ಅಮಾತ್ಯ ತಥಾಸ್ತುರಾಯರನ್ನು ಕೇಳಿದರು.

"ಎಲ್ಲ ತಿನ್ನುವುದರಲ್ಲಿದೆ, ಮಹಾಪ್ರಭು. ತಮ್ಮ ಮನಸ್ಸಿನಲ್ಲಿ ಈ ಪ್ರಶ್ನೆ ಮೂಡುವ ಮೊದಲೇ ವೈಜ್ಞಾನಿಕ ಸಮೀಕ್ಷೆ ಮಾಡಿಸಿಬಿಟ್ಟಿದ್ದೇನೆ."

ಸಮೀಕ್ಷೆ ಅರಮನೆಯ ಹಿತ್ತಲಲ್ಲೇ ನಡೆದಿತ್ತು. ಸ್ಯಾಂಪಲ್ ಎರಡು: ಒಂದು ಹಸು, ಒಂದು ಹುಲಿ. ಹಸು ಶಾಂತವಾಗಿ ಮೆಲುಕು ಹಾಕಿತು. ಹುಲಿ ಸಮೀಕ್ಷಕನ ತೋಳಿಗೇ ಬಾಯಿ ಹಾಕಿತು. ಸೊಪ್ಪು ತಿಂದರೆ ಮನಶ್ಶಾಂತಿ ಎಂದು ಸಾಬೀತಾಯಿತು. ಮದವೇರಿ ಗೋಡೆ ಕೆಡವಿದ್ದ ಪಟ್ಟದಾನೆಯೂ ಹುಲ್ಲನ್ನೇ ತಿನ್ನುತ್ತಿತ್ತು, ಆದರೆ ತಾಂತ್ರಿಕ ಕಾರಣಗಳಿಂದ ಅದನ್ನು ಕೈಬಿಡಲಾಯಿತು.

ತರಕಾರಿ ತಿಂದರೆ ಮನಸ್ಸು ಹಗುರಾಗಬಹುದು, ನಾನೇನೂ ಬೇಡ ಅನ್ನುವುದಿಲ್ಲ. ಬದನೆಕಾಯಿ ಎಣ್ಣೆಗಾಯಿ ಅಂದರೆ ನನಗೂ ಪ್ರಾಣ. ಆದರೆ ಡಂಗುರ ಹೊಡೆದು ತಿನ್ನಿಸಿದರೆ ಗಂಟಲಲ್ಲಿ ಇಳಿಯುತ್ತದೆಯೇ ಸ್ವಾಮೀ?

ಡಂಗುರ ಹೀಗಿತ್ತು: "ಇಂದಿನಿಂದ ಪ್ರಜೆಗಳೆಲ್ಲ ಸಸ್ಯಾಹಾರಿಗಳು, ಆದ್ದರಿಂದ ಸಂತುಷ್ಟರು. ಮುಖ ಬಾಡಿದವರನ್ನು ಕದ್ದು ಮಾಂಸ ತಿಂದವರೆಂದು ಪರಿಗಣಿಸಲಾಗುವುದು." ಪ್ರಭುಗಳು ಈಗಾಗಲೇ ಸಂತುಷ್ಟರಾಗಿದ್ದರಿಂದ ಅರಮನೆಯ ಅಡುಗೆಮನೆಗೆ ಯೋಜನೆ ಅನ್ವಯಿಸಲಿಲ್ಲ.

ಒಣಮೀನು ಮಾರಿ ಬದುಕುತ್ತಿದ್ದ ಜಲಜಕ್ಕನ ಬುಟ್ಟಿ ಮೊದಲ ದಿನವೇ ಜಪ್ತಿಯಾಯಿತು. ಮೂರನೆಯ ದಿನ ಮಂದಹಾಸ ಇನ್‌ಸ್ಪೆಕ್ಟರು ಬಂದು ನೋಡಿದರೆ ಆಕೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಆ ಮುಖ ಕಂಡದ್ದೇ ತಡ, ಆಸ್ಥಾನಕ್ಕೆ ಎಳೆತಂದರು.

"ಏನು ತಿಂದೆಯಮ್ಮಾ?" ಎಂದರು ಅಮಾತ್ಯರು.

"ಏನೂ ಇಲ್ಲ ಒಡೆಯಾ, ಎರಡು ದಿನ ಆಯ್ತು. ನನ್ನ ಬುಟ್ಟಿ ಕೊಟ್ಟುಬಿಡಿ, ಮನೇಲಿ ಮೊಮ್ಮಗಳು ಹಸಿದು ಕೂತಿದ್ದಾಳೆ."

"ಏನೂ ತಿಂದಿಲ್ಲ ಅಂದರೆ ಮಾಂಸವನ್ನೂ ತಿಂದಿಲ್ಲ. ಅಂದಮೇಲೆ ನೀನು ಅಪ್ಪಟ ಸಸ್ಯಾಹಾರಿ! ಮತ್ತೆ ಮುಖ ಯಾಕೆ ಹೀಗೆ?"

"ಹಸಿವು, ಒಡೆಯಾ."

"ಫಾರಂನಲ್ಲಿ ಅಂಥ ಕಾಲಮ್ಮೇ ಇಲ್ಲವಲ್ಲ," ಎಂದು ಅಮಾತ್ಯರು ಹುಬ್ಬು ಗಂಟಿಕ್ಕಿದರು.

ಅಷ್ಟರಲ್ಲಿ ಅರಮನೆಯ ಒಳಗಿನಿಂದ ಒಣಮೀನು ಹುರಿಯುವ ಘಮ ಬಂತು. ತನ್ನ ಸರಕು ತನಗೆ ಗೊತ್ತಾಗದೆ ಇರುತ್ತದೆಯೇ! ಜಲಜಕ್ಕ ಅಡುಗೆಮನೆಯ ಕಡೆ ನೋಡಿದಳು, ಸಿಂಹಾಸನದ ಕಡೆ ನೋಡಿದಳು. ಆಕೆಗೆ ಹೊಟ್ಟೆಯೆಲ್ಲ ಉರಿದುಹೋಯಿತು. ಬೈದರೆ ತಲೆ ಹೋಗುತ್ತದೆ, ಅತ್ತರೆ ಕೇಸು ಬೀಳುತ್ತದೆ. ತಡೆಯಲಾರದೆ, ಕಣ್ಣೀರು ಸುರಿಯುವಂತೆ ಗಹಗಹಿಸಿ ನಕ್ಕುಬಿಟ್ಟಳು.

"ನಕ್ಕಳು! ಮಹಾಪ್ರಭು, ನಕ್ಕೇಬಿಟ್ಟಳು!" ಎಂದು ಅಮಾತ್ಯರು ಕುಣಿದಾಡಿದರು. ಆಸ್ಥಾನ ಚಿತ್ರಕಾರ ಆಕೆಯ ಕಣ್ಣೀರನ್ನು ಕೈಬಿಟ್ಟು ನಗುವನ್ನಷ್ಟೇ ಬರೆದುಕೊಂಡ. ಪ್ರಭುಗಳಿಗೆ 'ಮನೋಲ್ಲಾಸ ಸಾರ್ವಭೌಮ' ಎಂಬ ಬಿರುದಾಯಿತು. ಊರೂರಿನ ಹೆಬ್ಬಾಗಿಲಲ್ಲಿ ಜಲಜಕ್ಕನ ಫ್ಲೆಕ್ಸು ಎದ್ದಿತು. ಬುಟ್ಟಿ ಮಾತ್ರ ವಾಪಸ್ಸು ಬರಲಿಲ್ಲ.

ಮರುದಿನವೇ ಇನ್ನೊಂದು ಡಂಗುರ: "ಎರಡು ದಿನ ಏನೂ ತಿನ್ನದ ಹೆಂಗಸು ಇಷ್ಟು ನಕ್ಕಳೆಂದ ಮೇಲೆ ಸೊಪ್ಪೂ ಹೆಚ್ಚಾಯಿತು. ಇನ್ನು ವಾರಕ್ಕೆ ಎರಡು ದಿನ ಯಾರೂ ಒಲೆ ಹಚ್ಚತಕ್ಕದ್ದಲ್ಲ."

ಪ್ರಜೆಗಳು ಮಕ್ಕಳಿಗೆ ನೀರು ಕುಡಿಸಿ, ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಆ ಮಕ್ಕಳನ್ನೂ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ, ಹಲ್ಲು ಕಿರಿಯುವುದನ್ನು ಕಲಿಸಿದರು.